ಅಮೆರಿಕದ ಹಳೇ ಮನೆಯ ಕಾಲಿಂಗ್ ಬೆಲ್: ಕೆಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸುವ ಬಗೆ

ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷ ಹಳೆಯ ಮನೆ ಕೊಂಡವರಿಗೆ ಒಂದಲ್ಲ ಒಂದು ದಿನ ಈ ತಲೆನೋವು ಬಂದೇ ಬರುತ್ತದೆ. ಬಾಗಿಲಲ್ಲಿ ಬಟನ್ ಒತ್ತಿದರೆ ಒಳಗೆ ಸದ್ದೇ ಇಲ್ಲ. ಪಾರ್ಸೆಲ್ ತಂದವರು ಒತ್ತಿ ಒತ್ತಿ ಬೇಸತ್ತು ಹೋಗಿಬಿಡುತ್ತಾರೆ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಿಗುವ ಉತ್ತರ ಎರಡೇ: "ವೈರ್‌ಲೆಸ್ ಬೆಲ್ ಹಾಕಿಬಿಡಿ", ಇಲ್ಲಾ "ಟ್ರಾನ್ಸ್‌ಫಾರ್ಮರ್ ಹೋಗಿರುತ್ತೆ, ಹೊಸದು ಹಾಕಿ".

ಎರಡನೆಯದು ಎಷ್ಟೋ ಸಲ ಸರಿ. ಆದರೆ ಅದು ಅರ್ಧ ಉತ್ತರ. ಬೆಲ್‌ನ ಟ್ರಾನ್ಸ್‌ಫಾರ್ಮರ್ ದಶಕಗಟ್ಟಲೆ ಸುಮ್ನೆ ತನ್ನ ಪಾಡಿಗೆ ಇರುವ ವಸ್ತು. ಅದು ಸುಟ್ಟಿದೆ ಅಂದರೆ ಕಾರಣ ತಂತಿಯ ಇನ್ನೊಂದು ತುದಿಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಬಾಗಿಲ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು, ಗೋಡೆಯೊಳಗೆ ಎಲ್ಲೋ ಎರಡು ತಂತಿ ತಾಗಿಕೊಂಡಿರಬಹುದು. ಅದನ್ನು ಹುಡುಕದೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಈ ಲೇಖನದಲ್ಲಿ ಬದಲಿಸುವ ಕೆಲಸಕ್ಕಿಂತ ಹುಡುಕುವ ಕೆಲಸವೇ ಹೆಚ್ಚು.

ಊರಿನ ಬೆಲ್ ಬೇರೆ, ಇಲ್ಲಿನದು ಬೇರೆ

ನಮ್ಮ ಊರಿನ ಹೆಚ್ಚಿನ ಮನೆಗಳಲ್ಲಿ ಕಾಲಿಂಗ್ ಬೆಲ್‌ಗೆ ನೇರವಾಗಿ 230 ವೋಲ್ಟ್ ಹೋಗುತ್ತದೆ. ಬಾಗಿಲ ಪಕ್ಕದ ಸ್ವಿಚ್‌ನಲ್ಲೂ ಅದೇ 230. ಮಳೆಗಾಲದಲ್ಲಿ ಒದ್ದೆ ಸ್ವಿಚ್ ಮುಟ್ಟಿ ಜುಮ್ ಅನ್ನಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅಮೆರಿಕದ ಮನೆಯಲ್ಲಿ ಹಾಗಲ್ಲ. ಮನೆಯ 120 ವೋಲ್ಟನ್ನು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಟ್ರಾನ್ಸ್‌ಫಾರ್ಮರ್ 16 ವೋಲ್ಟ್‌ಗೆ ಇಳಿಸುತ್ತದೆ. ಕೆಲವು ತೀರಾ ಹಳೆಯ ಮನೆಗಳಲ್ಲಿ 10 ವೋಲ್ಟ್. ಊರಲ್ಲಿ ಹೊಲದ ಪಕ್ಕದ ಕಂಬದ ಮೇಲೆ ಕೂತ ಟಿಸಿ ಮಾಡುವುದೂ ಇದನ್ನೇ, ಗಾತ್ರ ಬೇರೆ ಅಷ್ಟೆ. ಅಲ್ಲಿಂದ ಮುಂದೆ ಬಟನ್‌ಗೂ ಬೆಲ್‌ಗೂ ಹೋಗುವುದು ತೆಳ್ಳನೆಯ ಬೆಲ್ ವೈರ್. ಆ ತಂತಿಯನ್ನು ಒಣಗಿದ ಬರಿಗೈಲಿ ಮುಟ್ಟಿದರೂ ಏನೂ ಆಗುವುದಿಲ್ಲ.

ಆದರೆ ಆ ಧೈರ್ಯ ಟ್ರಾನ್ಸ್‌ಫಾರ್ಮರ್‌ವರೆಗೆ ಮಾತ್ರ. ಅದರ ಹಿಂಬದಿಯ ಡಬ್ಬದೊಳಗೆ ಇರುವುದು ಪೂರ್ತಿ 120 ವೋಲ್ಟ್.

ಭಾರತದಲ್ಲಿ ವೈರಿಂಗ್ ಕಲಿತವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಇಲ್ಲಿ ಕಪ್ಪೇ ಫೇಸ್! ನ್ಯೂಟ್ರಲ್ ಬಿಳಿ. ಅರ್ಥ್ ತಂತಿಯನ್ನು ಗ್ರೌಂಡ್ ಅನ್ನುತ್ತಾರೆ, ಅದು ಹಸಿರು ಇಲ್ಲವೇ ಬರಿಯ ತಾಮ್ರ. ಊರಿಂದ ಬಂದ ಅಪ್ಪನೋ ಮಾವನೋ "ಕೊಡು, ನಾನು ನೋಡ್ತೀನಿ" ಅಂತ ಸ್ಕ್ರೂಡ್ರೈವರ್ ಹಿಡಿದು ಬಂದರೆ ಮೊದಲು ಈ ಮಾತು ಹೇಳಿ. ಮೂವತ್ತು ವರ್ಷದ ಅನುಭವ ಇದ್ದವರ ಕೈಯೂ ಅಭ್ಯಾಸಬಲದಿಂದ ಕಪ್ಪು ತಂತಿಯನ್ನು ನ್ಯೂಟ್ರಲ್ ಅಂದುಕೊಂಡುಬಿಡುತ್ತದೆ.

ಕೆಟ್ಟಿರುವುದು ಟ್ರಾನ್ಸ್‌ಫಾರ್ಮರ್ರೇನಾ?

ಬೇಕಾಗುವುದು ಒಂದು ಮಲ್ಟಿಮೀಟರ್, ತಂತಿ ಮುಟ್ಟದೆ ಕರೆಂಟ್ ಇದೆಯೋ ಇಲ್ಲವೋ ತೋರಿಸುವ ಪೆನ್ನಿನಂಥ ಟೆಸ್ಟರ್, ಸ್ಕ್ರೂಡ್ರೈವರ್, ಟಾರ್ಚು. ಜೊತೆಗೆ ಬಟನ್ ಒತ್ತಲು ಮನೆಯವರು ಒಬ್ಬರು.

ಮೊದಲು ಬಾಗಿಲ ಬಟನ್ ನೋಡಿ. ಒಳಗೆ ಪುಟ್ಟ ದೀಪ ಇರುವ ಬಟನ್ ಆಗಿದ್ದು ಅದು ಉರಿಯುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ. ಆ ದೀಪಕ್ಕೆ ಕರೆಂಟ್ ಬರುವುದೇ ಅಲ್ಲಿಂದ. ದೀಪ ಆರಿದ್ದರೆ ಟ್ರಾನ್ಸ್‌ಫಾರ್ಮರ್ ಹೋಗಿರಬಹುದು, ದೀಪವೇ ಹೋಗಿರಲೂಬಹುದು. ಬಟನ್ನಿನ ಸ್ಕ್ರೂ ಬಿಚ್ಚಿ ಹೊರಗೆಳೆಯಿರಿ. ಹಿಂದೆ ಎರಡು ತಂತಿ ಇರುತ್ತವೆ. ಅವೆರಡನ್ನೂ ಬಿಡಿಸಿ ಒಂದಕ್ಕೊಂದು ತಾಗಿಸಿ. ಬೆಲ್ ಬಾರಿಸಿತಾ? ಹಾಗಿದ್ದರೆ ಕೆಟ್ಟಿರುವುದು ಬಟನ್ ಮಾತ್ರ. ಮಳೆ, ಹಿಮ, ಬಿಸಿಲು ಎಲ್ಲ ತಿಂದು ಒಳಗಿನ ತಗಡು ಕಿಲುಬು ಹಿಡಿದಿರುತ್ತದೆ. ಹೊಸ ಬಟನ್ ಹಾಕಿದರೆ ಕೆಲಸ ಮುಗಿಯಿತು, ಮುಂದೆ ಓದುವುದೇ ಬೇಡ.

ಬಾರಿಸಲಿಲ್ಲ ಅಂದರೆ ಒಳಗೆ ಬನ್ನಿ. ಸಾಮಾನ್ಯವಾಗಿ ಹಜಾರದ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಅದೇ ಚೈಮ್. ಮುಚ್ಚಳ ತೆಗೆದರೆ ಎರಡು ಲೋಹದ ಪಟ್ಟಿ, ನಡುವೆ ತಂತಿ ಸುತ್ತಿದ ಸುರುಳಿಗಳು, ಸುರುಳಿಯೊಳಗೆ ಹಿಂದೆ ಮುಂದೆ ಓಡುವ ಕಡ್ಡಿ. ಬಟನ್ ಒತ್ತಿದಾಗ ಸುರುಳಿ ಕಡ್ಡಿಯನ್ನು ಎಳೆದು ಒಂದು ಪಟ್ಟಿಗೆ ಹೊಡೆಸುತ್ತದೆ, ಡಿಂಗ್. ಬಿಟ್ಟಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಇನ್ನೊಂದು ಪಟ್ಟಿಗೆ ಹೊಡೆಸುತ್ತದೆ, ಡಾಂಗ್. 1831ರಲ್ಲಿ ಜೋಸೆಫ್ ಹೆನ್ರಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಒಂದು ಮೈಲಿಗೂ ಉದ್ದದ ತಂತಿಯಲ್ಲಿ ಕರೆಂಟ್ ಹರಿಸಿ ಗಂಟೆ ಬಾರಿಸಿ ತೋರಿಸಿದ್ದು ಇದೇ ವಿದ್ಯುತ್ಕಾಂತದಿಂದ. ಇಷ್ಟು ವರ್ಷವಾದರೂ ಒಳಗಿನ ಕಥೆ ಬದಲಾಗಿಲ್ಲ.

ಚೈಮ್‌ನಲ್ಲಿ ಮೂರು ಸ್ಕ್ರೂ ಕಾಣುತ್ತವೆ. 'ಟ್ರಾನ್ಸ್' ಎಂದು ಬರೆದಿರುವುದು ಟ್ರಾನ್ಸ್‌ಫಾರ್ಮರ್‌ದು. 'ಫ್ರಂಟ್' ಮುಂಬಾಗಿಲದು, 'ರಿಯರ್' ಹಿಂಬಾಗಿಲದು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಮೀಟರಿನ ಒಂದು ಮೊನೆ ಟ್ರಾನ್ಸ್ ಮೇಲೆ, ಇನ್ನೊಂದು ಫ್ರಂಟ್ ಮೇಲೆ ಇಡಿ. ಬಾಗಿಲ ಹೊರಗೆ ನಿಂತ ಮನೆಯವರಿಗೆ ಬಟನ್ನಿನ ಆ ಎರಡು ತಂತಿ ತಾಗಿಸಿ ಹಿಡಿಯಲು ಹೇಳಿ. ಹಿಡಿದಾಗ 16ರ ಆಸುಪಾಸು ತೋರಿಸಿದರೆ ಕರೆಂಟ್ ಬರುತ್ತಿದೆ, ಚೈಮ್ ಕೆಟ್ಟಿದೆ ಇಲ್ಲವೇ ಕಡ್ಡಿ ಸಿಕ್ಕಿಕೊಂಡಿದೆ. ಸೊನ್ನೆ ತೋರಿಸಿದರೆ ತಪ್ಪು ಟ್ರಾನ್ಸ್‌ಫಾರ್ಮರ್‌ನಲ್ಲಿದೆ, ಇಲ್ಲಾ ದಾರಿಯ ತಂತಿಯಲ್ಲಿದೆ. ತಂತಿ ತಾಗಿಸದೇ ಅಳೆದರೆ ಎಲ್ಲ ಸರಿಯಿದ್ದರೂ ಸೊನ್ನೆಯೇ ಬರುತ್ತದೆ. ಬಹಳ ಜನ ಇಲ್ಲೇ ಎಡವಿ ಚೆನ್ನಾಗಿರುವ ಟ್ರಾನ್ಸ್‌ಫಾರ್ಮರ್ ಕಿತ್ತು ಹಾಕುತ್ತಾರೆ.

ಅದು ಎಲ್ಲಿ ಅಡಗಿದೆ

ಹಳೇ ಮನೆಯಲ್ಲಿ ನಿಜವಾದ ಕಷ್ಟ ಇದು. ಟ್ರಾನ್ಸ್‌ಫಾರ್ಮರ್ ಎಲ್ಲಿರಬೇಕು ಅಂತ ಯಾವ ನಿಯಮವೂ ಇಲ್ಲ. ಮೊದಲು ಬೇಸ್‌ಮೆಂಟಿನಲ್ಲಿ ಬ್ರೇಕರ್ ಪ್ಯಾನೆಲ್ ಸುತ್ತಮುತ್ತ ನೋಡಿ. ಪ್ಯಾನೆಲ್‌ನ ಮಗ್ಗುಲಿಗೇ ಅಂಟಿಕೊಂಡಿರುವುದೂ ಉಂಟು. ಆಮೇಲೆ ಮನೆ ಬೆಚ್ಚಗಿಡುವ ಫರ್ನೇಸ್ ಇರುವ ಜಾಗ, ಗ್ಯಾರೇಜಿನ ಸೂರು, ಮೆಟ್ಟಿಲ ಕೆಳಗಿನ ಕಪಾಟು, ಅಟ್ಟ. ಬಟ್ಟೆ ಇಡುವ ಕ್ಲಾಸೆಟ್‌ನ ಒಳಗೋಡೆಯ ಮೇಲ್ಭಾಗದಲ್ಲೂ ಕೆಲವೊಮ್ಮೆ ಇರುತ್ತದೆ. ಚೌಕಾಕಾರದ ಲೋಹದ ಡಬ್ಬ, ಅದರ ಮಗ್ಗುಲಲ್ಲಿ ಬೆಂಕಿಪೊಟ್ಟಣಕ್ಕಿಂತ ದಪ್ಪನೆಯ ಗಟ್ಟಿ, ಅದರ ಮೇಲೆ ಎರಡು ಸ್ಕ್ರೂ, ಸ್ಕ್ರೂಗಳಿಂದ ಹೊರಟ ಎರಡು ತೆಳು ತಂತಿ. ಇದು ಕಂಡರೆ ಸಿಕ್ಕಿತು ಅಂತಲೇ. ಫರ್ನೇಸ್‌ಗೂ ಇಂಥದ್ದೇ 24 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಥರ್ಮೋಸ್ಟಾಟ್‌ಗೆ ಕರೆಂಟ್ ಕೊಡುವುದು ಅದು, ಅದನ್ನು ಮುಟ್ಟಬೇಡಿ. ಚಳಿಗಾಲದಲ್ಲಂತೂ ಬೇಡವೇ ಬೇಡ.

ಸಿಕ್ಕ ಮೇಲೆ ಆ ಎರಡು ಸ್ಕ್ರೂಗಳ ನಡುವೆ ಅಳೆಯಿರಿ. 16 ವೋಲ್ಟ್ ಅಂತ ಬರೆದಿದ್ದರೂ 18, 19 ತೋರಿಸಬಹುದು, ಅದು ಕೆಟ್ಟ ಲಕ್ಷಣ ಅಲ್ಲ. ಸೊನ್ನೆ ಅಥವಾ ಒಂದೆರಡು ವೋಲ್ಟ್ ಬಂದರೆ ತೆಳು ತಂತಿಗಳನ್ನು ಸ್ಕ್ರೂನಿಂದ ಬಿಡಿಸಿ ಇನ್ನೊಮ್ಮೆ ಅಳೆಯಿರಿ. ಈಗ 16ಕ್ಕೆ ಏರಿತಾ? ಟ್ರಾನ್ಸ್‌ಫಾರ್ಮರ್ ಸರಿಯಿದೆ, ತಂತಿಯಲ್ಲಿ ಶಾರ್ಟ್ ಇದೆ. ಈಗಲೂ ಸೊನ್ನೆಯಾ? ಬ್ರೇಕರ್ ಬಿದ್ದಿದೆಯಾ ನೋಡಿ. ಬ್ರೇಕರ್ ಮೇಲಿದ್ದು, ಟ್ರಾನ್ಸ್‌ಫಾರ್ಮರ್ ಡಬ್ಬಕ್ಕೆ ಬರುವ ವೈರ್ ಹತ್ತಿರ ಟೆಸ್ಟರ್ ಕೂಗಿದರೆ ಅದು ಸತ್ತಿರುವುದು ಖಾತ್ರಿ. ವೈರ್‌ಗೆ ಲೋಹದ ಕವಚ ಇದ್ದರೆ ಟೆಸ್ಟರ್‌ಗೆ ಅದು ಕಾಣುವುದಿಲ್ಲ. ಆಗ ಅದೇ ಬ್ರೇಕರ್‌ನಲ್ಲಿರುವ ದೀಪವೋ ಪ್ಲಗ್ಗೋ ಕೆಲಸ ಮಾಡುತ್ತಿದೆಯಾ ನೋಡಿ ಲೆಕ್ಕ ಹಾಕಬೇಕು.

ಟ್ರಾನ್ಸ್‌ಫಾರ್ಮರ್ ಮುಟ್ಟಿದರೆ ತುಸು ಬೆಚ್ಚಗಿರುವುದು ಸಹಜ. ಯಾರೂ ಬೆಲ್ ಒತ್ತದಿದ್ದರೂ ಇದು ದಿನವಿಡೀ ಚೂರುಪಾರು ಕರೆಂಟ್ ತಿನ್ನುತ್ತಲೇ ಇರುತ್ತದೆ. ಕೈ ಇಡಲಾಗದಷ್ಟು ಬಿಸಿ, ಸುಟ್ಟ ವಾಸನೆ, ಕಂದು ಬಣ್ಣದ ಅಂಟು ಹೊರಬಂದಿರುವುದು, ಇವು ಸಹಜ ಅಲ್ಲ.

ಕೊಂದವರು ಯಾರು

ಹೊಸದು ತರುವ ಮುಂಚೆ ಈ ಕೆಲಸ ಮಾಡಲೇಬೇಕು. ತೆಳು ತಂತಿಗಳು ಟ್ರಾನ್ಸ್‌ಫಾರ್ಮರ್‌ನಿಂದ ಬಿಡಿಸಿಯೇ ಇರಲಿ. ಬಾಗಿಲ ಬಟನ್ನನ್ನು ಮತ್ತೆ ಮೊದಲಿನಂತೆ ಜೋಡಿಸಿ. ಮೀಟರನ್ನು ಓಮ್‌ಗೆ (ಕರೆಂಟ್ ಹರಿಯುವುದಕ್ಕೆ ಇರುವ ತಡೆಯ ಅಳತೆ) ತಿರುಗಿಸಿ, ಟ್ರಾನ್ಸ್‌ಫಾರ್ಮರ್ ಕಡೆಯ ಎರಡು ತಂತಿಗಳ ನಡುವೆ ಅಳೆಯಿರಿ.

ಬಟನ್ ಒತ್ತದೇ ಇರುವಾಗ ಮೀಟರ್ ದಾರಿಯೇ ಇಲ್ಲ ಅಂತ (ಸಾಮಾನ್ಯವಾಗಿ OL) ತೋರಿಸಬೇಕು. ದೀಪದ ಬಟನ್ ಇದ್ದರೆ ಒಂದಷ್ಟು ದೊಡ್ಡ ಅಂಕಿ ಬರಬಹುದು, ಪರವಾಗಿಲ್ಲ. ಒತ್ತಿದಾಗ ಕೆಲವೇ ಓಮ್‌ಗೆ ಇಳಿಯಬೇಕು, ಅದು ಚೈಮ್ ಸುರುಳಿಯ ಅಳತೆ. ಇಷ್ಟು ಬಂದರೆ ತಂತಿಗಳು ಸರಿಯಿವೆ. ಟ್ರಾನ್ಸ್‌ಫಾರ್ಮರ್ ವಯಸ್ಸಾಗಿಯೇ ಹೋಗಿದೆ ಅಂದುಕೊಳ್ಳಬಹುದು.

ಒತ್ತದೇ ಇರುವಾಗಲೂ ಕೆಲವೇ ಓಮ್ ಬಂದರೆ ಬಟನ್ ಒಳಗೇ ಸಿಕ್ಕಿಕೊಂಡಿದೆ, ಇಲ್ಲಾ ಬಟನ್‌ಗೆ ಹೋಗುವ ತಂತಿಗಳು ಒಂದಕ್ಕೊಂದು ತಾಗಿವೆ. ಬಟನ್ ಬಿಚ್ಚಿ ತಂತಿ ದೂರ ಮಾಡಿ ಮತ್ತೆ ಅಳೆಯಿರಿ. ಸರಿಯಾದರೆ ತಪ್ಪಿತಸ್ಥ ಬಟನ್. ಸರಿಯಾಗದಿದ್ದರೆ ತಂತಿ. ಹಿಂಬಾಗಿಲಿಗೂ ಬಟನ್ ಇದ್ದರೆ ಅದನ್ನೂ ಮರೆಯಬೇಡಿ. ಯಾರೂ ಬಳಸದ ಹಿಂಬಾಗಿಲ ಬಟನ್ ಮೇಲೆ ಬಣ್ಣ ಬಳಿದು ಅದು ಒತ್ತಿದ ಹಾಗೇ ಅಂಟಿಕೊಂಡಿರುವುದುಂಟು. ಬೆಲ್ ಸಾಯುವ ಮುಂಚೆ ಕೆಲವು ದಿನ ಚೈಮ್ ಜೇನುನೊಣದ ಹಾಗೆ ಗುಂಯ್ ಅನ್ನುತ್ತಿತ್ತು ಅಂತ ನೆನಪಾದರೆ ನೇರವಾಗಿ ಬಟನ್ ಮೇಲೆ ಅನುಮಾನ ಪಡಿ.

ಓಮ್ ಹೆಚ್ಚುಕಡಿಮೆ ಸೊನ್ನೆಯೇ ಬಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಚೈಮ್‌ಗೆ ಹೋಗುವ ದಾರಿಯಲ್ಲಿ ಶಾರ್ಟ್ ಇದೆ. ಹಳೇ ಮನೆಯ ಬೆಲ್ ವೈರ್‌ಗೆ ಹತ್ತಿ ನೂಲಿನ ಹೊದಿಕೆ ಇರುತ್ತದೆ, ಮುಟ್ಟಿದರೆ ಪುಡಿಪುಡಿ ಉದುರುತ್ತದೆ. ತೊಲೆಗೆ ಹೊಡೆದ ಸ್ಟೇಪಲ್ ಪಿನ್ನು ತಂತಿಯನ್ನು ಕತ್ತರಿಸಿರುತ್ತದೆ, ಇಲ್ಲಾ ಇಲಿ ಕಡಿದಿರುತ್ತದೆ. ಬೇಸ್‌ಮೆಂಟಿನಲ್ಲಿ ಕಣ್ಣಿಗೆ ಕಾಣುವ ಉದ್ದಕ್ಕೂ ಟಾರ್ಚ್ ಹಿಡಿದು ನೋಡಿ. ಅಲ್ಲಿ ಸಿಗದಿದ್ದರೆ ಹೊಸ 18 ಗೇಜ್ ಬೆಲ್ ವೈರ್ ಎಳೆಯುವುದೇ ಲೇಸು. ಗೋಡೆಯೊಳಗಿನ ಹಳೇ ತಂತಿಯನ್ನು ರಿಪೇರಿ ಮಾಡುತ್ತಾ ಕೂರುವುದು ವ್ಯರ್ಥ.

ಯಾವುದನ್ನು ಕೊಳ್ಳಬೇಕು

ಹಳೇ ಟ್ರಾನ್ಸ್‌ಫಾರ್ಮರ್ ಮೇಲಿನ ಬರಹ ನೋಡಿ, ಚೈಮ್ ಮುಚ್ಚಳದ ಒಳಗಿನ ಚೀಟಿಯನ್ನೂ ನೋಡಿ. ಎರಡರಲ್ಲಿ ಚೈಮ್ ಹೇಳಿದ್ದೇ ಅಂತಿಮ. ಸಾಮಾನ್ಯ ಡಿಂಗ್ ಡಾಂಗ್ ಚೈಮ್‌ಗೆ 16 ವೋಲ್ಟ್, 10 ವಿಎ ಸಾಕು. ಹಳೇ ಕಾಲದ ಕಿರ್‍ರ್ ಅನ್ನುವ ಬಝರ್ ಅಥವಾ ಗಂಟೆಗೆ 10 ವೋಲ್ಟ್, 5 ವಿಎ ಇರುತ್ತಿತ್ತು. ವಿಎ ಅಂದರೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದ್ದು. 16 ವೋಲ್ಟ್ 10 ವಿಎ ಅಂದರೆ ಹೆಚ್ಚೆಂದರೆ 0.6 ಆಂಪಿಯರ್ ಚಿಲ್ಲರೆ. 30 ವಿಎ ಆದರೆ ಸುಮಾರು 1.9 ಆಂಪಿಯರ್.

ವಿಎ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಬೇಕಾದಷ್ಟನ್ನೇ ಚೈಮ್ ಎಳೆದುಕೊಳ್ಳುತ್ತದೆ. ವೋಲ್ಟ್ ವಿಷಯದಲ್ಲಿ ಮಾತ್ರ ಧಾರಾಳ ಬೇಡ. 16 ವೋಲ್ಟ್ ಚೈಮ್‌ಗೆ 24 ಕೊಟ್ಟರೆ ಕಡ್ಡಿ ದಡಬಡ ಹೊಡೆದು ಸುರುಳಿ ಬಿಸಿಯಾಗುತ್ತದೆ. 10 ಕೊಟ್ಟರೆ ಸೊರಗಿದ ಡಿಂಗ್ ಬಂದು ಡಾಂಗ್ ಬರುವುದೇ ಇಲ್ಲ. ಹೊಸದರ ಮೇಲೆ ಸುರಕ್ಷತೆಯ ಪರೀಕ್ಷೆ ಆಗಿದೆ ಅನ್ನುವ ಯುಎಲ್ (UL) ಗುರುತು ಮತ್ತು 'ಕ್ಲಾಸ್ 2' ಎಂಬ ಬರಹ ಇರಲಿ. ಶಾರ್ಟ್ ಆದರೂ ಅತಿಯಾಗಿ ಕರೆಂಟ್ ಬಿಡದ ಜಾತಿ ಅದು. ಹೋಮ್ ಡಿಪೊ, ಲೋವ್ಸ್ ಅಂಗಡಿಗಳಲ್ಲಿ ಸಿಗುತ್ತದೆ. 8, 16, 24 ಮೂರೂ ಕೊಡುವ ಮಾದರಿಯೂ ಇದೆ. ಅದರಲ್ಲಿ ಯಾವ ಎರಡು ಸ್ಕ್ರೂ ಬಳಸಿದರೆ ಎಷ್ಟು ಅಂತ ಮೈಮೇಲೇ ಬರೆದಿರುತ್ತದೆ, ಓದಿ ಜೋಡಿಸಿ.

ಇನ್ನೊಂದೆರಡು ವರ್ಷದಲ್ಲಿ ವಿಡಿಯೊ ಬೆಲ್ ಹಾಕುವ ಯೋಚನೆ ಇದ್ದರೆ ಈಗಲೇ 16 ವೋಲ್ಟ್ 30 ವಿಎ ತಂದುಬಿಡಿ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಕ್ಯಾಮೆರಾ ಇಡೀ ದಿನ ಕರೆಂಟ್ ಎಳೆಯುತ್ತದೆ, ರಾತ್ರಿ ಕತ್ತಲಲ್ಲಿ ನೋಡುವ ದೀಪ ಹತ್ತಿದಾಗ ಇನ್ನೂ ಜಾಸ್ತಿ. ಹಗಲಲ್ಲಿ ಸರಿಯಾಗಿದ್ದ ವಿಡಿಯೊ ಬೆಲ್ ರಾತ್ರಿ ಪದೇ ಪದೇ ಆಫ್ ಆಗುತ್ತಿದ್ದರೆ ಹಳೇ ಟ್ರಾನ್ಸ್‌ಫಾರ್ಮರ್‌ಗೆ ಶಕ್ತಿ ಸಾಲುತ್ತಿಲ್ಲ ಅಂತ ತಿಳಿಯಬಹುದು.

ಈಗ ಕೈ ಹಾಕುವುದು

ಬ್ರೇಕರ್ ಇಳಿಸಿ. ಹಳೇ ಪ್ಯಾನೆಲ್‌ಗಳಲ್ಲಿ 'ಬೆಲ್' ಅಂತ ಚೀಟಿ ಇರುವುದು ಅಪರೂಪ. ಯಾವುದೋ ಕೋಣೆಯ ದೀಪದ ಜೊತೆ ಇದನ್ನೂ ಸೇರಿಸಿರುತ್ತಾರೆ. ಗೊತ್ತಾಗದಿದ್ದರೆ ಮೇನ್ ಬ್ರೇಕರ್ರೇ ಇಳಿಸಿ ಟಾರ್ಚ್ ಬೆಳಕಲ್ಲಿ ಕೆಲಸ ಮಾಡಿ, ಮರ್ಯಾದೆ ಏನೂ ಹೋಗುವುದಿಲ್ಲ. ಮೇನ್ ಇಳಿಸುವ ಮುಂಚೆ ಟೆಸ್ಟರನ್ನು ಕರೆಂಟ್ ಇರುವ ಪ್ಲಗ್‌ಗೆ ಹಿಡಿದು ಅದು ಕೂಗುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಸತ್ತ ಟೆಸ್ಟರ್ ಎಲ್ಲ ತಂತಿಯನ್ನೂ ಸುರಕ್ಷಿತ ಅನ್ನುತ್ತದೆ.

ಡಬ್ಬದ ಮುಚ್ಚಳ ತೆಗೆದು ಒಳಗಿನ ಪ್ರತಿ ತಂತಿಯ ಹತ್ತಿರವೂ ಟೆಸ್ಟರ್ ಹಿಡಿಯಿರಿ. ಎಲ್ಲ ಮೌನವಾಗಿದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್‌ನಿಂದ ಬಂದ ತಂತಿಗಳು ಮನೆಯ ತಂತಿಗಳಿಗೆ ಸೇರಿದ ಕಡೆ ಪ್ಲಾಸ್ಟಿಕ್ ಟೋಪಿಯಂಥ ವೈರ್ ನಟ್ ಇರುತ್ತದೆ. ತಿರುಗಿಸಿ ಬಿಚ್ಚಿ. ಹಳೇ ಟ್ರಾನ್ಸ್‌ಫಾರ್ಮರ್‌ನ ಎರಡೂ ತಂತಿ ಕಪ್ಪಾಗಿದ್ದರೆ ಗಾಬರಿ ಬೇಡ, ಎಸಿ ಆದ್ದರಿಂದ ಯಾವುದು ಯಾವುದಕ್ಕೆ ಸೇರಿದ್ದರೂ ಅದು ಕೆಲಸ ಮಾಡುತ್ತಿತ್ತು. ಇನ್ನು ಹಳೇ ಟ್ರಾನ್ಸ್‌ಫಾರ್ಮರನ್ನು ಡಬ್ಬಕ್ಕೆ ಹಿಡಿದಿರುವ ಬಳೆಯಾಕಾರದ ನಟ್ಟು ಅಥವಾ ಮಗ್ಗುಲ ಸ್ಕ್ರೂ ಸಡಿಲಿಸಿದರೆ ಅದು ಕೈಗೆ ಬರುತ್ತದೆ.

ಹೊಸದನ್ನು ಅದೇ ತೂತಿಗೆ ಕೂರಿಸಿ. ಇಲ್ಲಿನ ಡಬ್ಬಗಳಲ್ಲಿ ಅರ್ಧ ಇಂಚಿನದು ಅಂತ ಕರೆಯುವ ತೂತಿನ ನಿಜವಾದ ಅಗಲ ಸುಮಾರು ಮುಕ್ಕಾಲು ಇಂಚು ಮೀರಿ, ಅಂದರೆ 7/8 ಇಂಚು. ಅಳೆದು ನೋಡಿ ಬೇರೆ ಸೈಜು ತಂದೆ ಅಂತ ವಾಪಸ್ ಓಡಬೇಡಿ. 120 ವೋಲ್ಟ್‌ನ ತಂತಿಗಳು ಡಬ್ಬದ ಒಳಗೆ, 16 ವೋಲ್ಟ್‌ನ ಸ್ಕ್ರೂಗಳು ಡಬ್ಬದ ಹೊರಗೆ. ಎರಡನ್ನೂ ಒಂದೇ ಡಬ್ಬದಲ್ಲಿ ತುರುಕುವ ಹಾಗಿಲ್ಲ.

ಮೊದಲು ಹಸಿರನ್ನು ಗ್ರೌಂಡ್ ತಂತಿಗೆ ಸೇರಿಸಿ. ಆಮೇಲೆ ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು. ತುದಿಗಳನ್ನು ಸಮ ಮಾಡಿ ಹಿಡಿದು ವೈರ್ ನಟ್ ಬಿಗಿಯಾಗಿ ತಿರುಗಿಸಿ, ಪ್ರತಿಯೊಂದನ್ನೂ ಎಳೆದು ನೋಡಿ. ಬರಿ ತಾಮ್ರ ನಟ್‌ನ ಹೊರಗೆ ಕಾಣಬಾರದು. ನಮ್ಮೂರಲ್ಲಿ ಮಾಡುವ ಹಾಗೆ ತಿರುಚಿ ಟೇಪ್ ಸುತ್ತಿ ಬಿಡುವುದು ಇಲ್ಲಿ ಒಪ್ಪುವುದಿಲ್ಲ, ಮನೆ ಮಾರುವಾಗ ಇನ್ಸ್‌ಪೆಕ್ಷನ್‌ಗೆ ಬಂದವರು ಬರೆದೇ ಬರೆಯುತ್ತಾರೆ. ತಂತಿಗಳನ್ನು ಒಳಗೆ ಮಡಚಿಟ್ಟು ಮುಚ್ಚಳ ಹಾಕಿ.

ಬೆಲ್ ವೈರ್ ಈಗಲೇ ಸೇರಿಸಬೇಡಿ. ಬ್ರೇಕರ್ ಏರಿಸಿ, ಹೊರಗಿನ ಸ್ಕ್ರೂಗಳ ನಡುವೆ ಅಳೆಯಿರಿ. 16ರಿಂದ 20ರೊಳಗೆ ಬಂದರೆ ಬ್ರೇಕರ್ ಇಳಿಸಿ ತೆಳು ತಂತಿಗಳನ್ನು ಸ್ಕ್ರೂಗೆ ಸುತ್ತಿ ಬಿಗಿ ಮಾಡಿ. ಯಾವ ತಂತಿ ಯಾವ ಸ್ಕ್ರೂಗೆ ಅನ್ನುವ ಚಿಂತೆ ಬೇಡ. ಮತ್ತೆ ಬ್ರೇಕರ್ ಏರಿಸಿ ಬಟನ್ ಒತ್ತಿಸಿ. ಅರ್ಧ ಗಂಟೆ ಬಿಟ್ಟು ಬಂದು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಸುಡುತ್ತಿದ್ದರೆ ಎಲ್ಲೋ ಶಾರ್ಟ್ ಉಳಿದುಕೊಂಡಿದೆ, ಕೂಡಲೇ ಆಫ್ ಮಾಡಿ.

ಎಲ್ಲಿ ನಿಲ್ಲಿಸಬೇಕು

ಮುಚ್ಚಳ ತೆಗೆದಾಗ ಒಳಗಿನ ದಪ್ಪ ತಂತಿಗೇ ಬಟ್ಟೆಯ ಹೊದಿಕೆ ಇದ್ದು ಅದು ಉದುರುತ್ತಿದ್ದರೆ ಮುಚ್ಚಳ ಹಾಗೇ ಮುಚ್ಚಿ ಎಲೆಕ್ಟ್ರಿಷಿಯನ್ ಕರೆಸಿ. ತಂತಿ ತಾಮ್ರದ ಬಣ್ಣದ್ದಲ್ಲದೆ ಬೆಳ್ಳಗಿದ್ದರೂ ಹಾಗೇ ಮಾಡಿ. 1965ರಿಂದ 1973ರ ನಡುವೆ ಕಟ್ಟಿದ ಅನೇಕ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇದೆ, ಅದಕ್ಕೆ ಸಾದಾ ವೈರ್ ನಟ್ ನಡೆಯುವುದಿಲ್ಲ. ಗ್ರೌಂಡ್ ತಂತಿಯೇ ಇಲ್ಲದಿದ್ದರೆ, ಅಥವಾ ಟ್ರಾನ್ಸ್‌ಫಾರ್ಮರನ್ನು ಡಬ್ಬವೇ ಇಲ್ಲದೆ ತೊಲೆಗೆ ಮೊಳೆ ಹೊಡೆದು 120 ವೋಲ್ಟ್‌ನ ಜಾಯಿಂಟ್ ಬಯಲಲ್ಲಿ ಬಿಟ್ಟಿದ್ದರೆ, ಅದೂ ಎಲೆಕ್ಟ್ರಿಷಿಯನ್ ಕೆಲಸವೇ. ಟೌನ್‌ಹೌಸ್, ಕಾಂಡೊಗಳಲ್ಲಿ ಇರುವವರು ಅಸೋಸಿಯೇಷನ್‌ಗೆ ಒಂದು ಮಾತು ಕೇಳಿ ಶುರು ಮಾಡಿ. ಬಾಡಿಗೆ ಮನೆಯಾದರೆ ಮಾಲೀಕರೇ ಮಾಡಿಸಲಿ.

ಎಲ್ಲ ಸರಿಯಾಗಿ ವೋಲ್ಟೂ ಬರುತ್ತಿದ್ದು ಬರೀ ಡಿಂಗ್ ಅಂದು ಡಾಂಗ್ ಅನ್ನದಿದ್ದರೆ ಚೈಮ್ ಒಳಗಿನ ಕಡ್ಡಿಗೆ ವರ್ಷಗಳ ದೂಳು ಮತ್ತು ಜಿಡ್ಡು ಹಿಡಿದಿದೆ. ಬ್ರೇಕರ್ ಇಳಿಸಿ, ಕಿವಿಗೆ ಹಾಕುವಂಥ ಹತ್ತಿಕಡ್ಡಿಯನ್ನು ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಅದ್ದಿ ಅದರಿಂದ ಚೈಮ್‌ನ ಕಡ್ಡಿಯನ್ನು ಒರೆಸಿ, ಒಣಗಲು ಬಿಡಿ. ಎಣ್ಣೆ ಮಾತ್ರ ಹಾಕಬೇಡಿ. ಅಡುಗೆಮನೆಯ ತೆಂಗಿನೆಣ್ಣೆ ಅಂತೂ ಬೇಡವೇ ಬೇಡ. 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಚಳಿಗಾಲ ಶುರುವಾದ ಮೇಲೆ ಕಡ್ಡಿ ಅಲ್ಲಾಡದೆ ಕೂತರೆ ಹೊಸ ಟ್ರಾನ್ಸ್‌ಫಾರ್ಮರ್ ಮೇಲೆ ಸುಮ್ನೆ ಅಪವಾದ ಬರುತ್ತದೆ.